ಪಾಠಕ್ಕೆ ಕಾವಲು ಕೂತ ಆವಲಪ್ಪ

ಯಲ್ದೂರಿನಲ್ಲಿ ಇಂಗ್ಲಿಷ್ ವ್ಯಾಕರಣದ ಸಲುವಾಗಿ ಅತಿ ಹೆಚ್ಚು ಜಗಳವಾಡಿದವರು ಯಾರು ಅಂತ ಕೇಳಿದರೆ, ಹಳಬರು ಹೈಸ್ಕೂಲಿನ ಮೇಷ್ಟ್ರುಗಳನ್ನೆಲ್ಲ ಬಿಟ್ಟು ಆವಲಪ್ಪನ ಹೆಸರು ಹೇಳುತ್ತಾರೆ. ಆವಲಪ್ಪ ಓದಿದ್ದು ಮೂರನೇ ಕ್ಲಾಸು, ಅದೂ ಮಾವಿನಕಾಯಿಯ ಕಾಲ ಬಿಟ್ಟು ಮಿಕ್ಕ ದಿನಗಳಲ್ಲಿ ಮಾತ್ರ. ಇಂಗ್ಲಿಷಿನಲ್ಲಿ ಅವನಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಆದರೆ ಜಗಳ ಆಡುವುದಕ್ಕೆ ಅಷ್ಟೆಲ್ಲ ಓದು ಬೇಕಾಗುವುದಿಲ್ಲ.

ಅವನದು ಬೇಸಾಯದ ಮನೆ. ಒಂದಿಷ್ಟು ರಾಗಿ ಹೊಲ, ಬೇಲಿ ಪಕ್ಕದಲ್ಲಿ ನಾಲ್ಕು ಮಾವಿನ ಮರ, ಒಂದು ಜೊತೆ ಎತ್ತು. ಊರಿಗೆ ಬೇಕಾಗಿದ್ದು ಮಾತ್ರ ಅವನ ಕೈ ಮತ್ತು ಗಂಟಲು. ಯಾರ ಕಣದಲ್ಲಿ ರಾಗಿ ರಾಶಿ ಬಿದ್ದರೂ ಅಳೆಯಲು ಆವಲಪ್ಪನೇ ಬರಬೇಕು. ತಲೆಗೆ ಟವೆಲ್ಲು ಸುತ್ತಿ, ಮೂಡಲಿಗೆ ಮುಖ ಮಾಡಿ ಕೂತು, ಕೊಳಗ ತುಂಬಿ ಸುರಿಯುತ್ತಾ ಅವನು ಕೂಗುವ ಲೆಕ್ಕ ಕೆರೆ ಏರಿಯ ಆಚೆಗೂ ಕೇಳುತ್ತಿತ್ತು. ಪಾಲಿಗಾಗಿ ಕಚ್ಚಾಡುವ ಅಣ್ಣತಮ್ಮಂದಿರು ಕೂಡ ಆವಲಪ್ಪ ಅಳೆದ ಮೇಲೆ ತುಟಿ ಬಿಚ್ಚುತ್ತಿರಲಿಲ್ಲ. ಈ ಮರ್ಯಾದೆ ಅವನ ತಲೆಗೆ ಸ್ವಲ್ಪ ಏರಿತ್ತು ಅಂತಲೇ ಹೇಳಬೇಕು. ಹಾಲು ತರುವವಳ ಪಾವಿನಿಂದ ಹಿಡಿದು ಊರ ದೇವರ ಪ್ರಸಾದದವರೆಗೆ ಎಲ್ಲದರ ಬಗ್ಗೆಯೂ ತನ್ನದೊಂದು ತೀರ್ಪು ಇರಬೇಕು ಅಂತ ಅವನು ನಂಬಿದ್ದ.

ಇಂಥವನ ಒಬ್ಬಳೇ ಮಗಳು ಆದಿಲಕ್ಷ್ಮಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದಳು. ಮತ್ತೆ ಕಟ್ಟಿದಳು, ಮತ್ತೆ ಫೇಲಾದಳು. ಮಿಕ್ಕ ಎಲ್ಲದರಲ್ಲೂ ಒಳ್ಳೆ ಮಾರ್ಕ್ಸು. ಪಾಸಾದರೆ ಕೋಲಾರದಲ್ಲಿ ಟಿ.ಸಿ.ಎಚ್. ಓದಿ ಮೇಡಮ್ಮು ಆಗಬೇಕು ಅನ್ನುವುದು ಅವಳ ಆಸೆ. ಈ ಹೊತ್ತಿಗೆ ಮುಳಬಾಗಿಲ ಆಚೆ, ಆಂಧ್ರದ ಗಡಿ ಹತ್ತಿರದ ಹಳ್ಳಿಯಲ್ಲಿದ್ದ ಆವಲಪ್ಪನ ಅಕ್ಕ ದೊಡ್ಡಗಂಗಮ್ಮ ಬಂದು ಕೂತಳು. ಅವಳ ಮಗ ಕದಿರೇಶನಿಗೆ ಆದಿಲಕ್ಷ್ಮಿಯನ್ನು ತರುವುದು ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತು. ಕದಿರೇಶ ಕೆಟ್ಟ ಹುಡುಗನೇನಲ್ಲ. ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡು, ಯಾರ ತಂಟೆಗೂ ಹೋಗದೆ ಇದ್ದ. ಆದಿಲಕ್ಷ್ಮಿಗೆ ಅವನ ಮೇಲೆ ಸಿಟ್ಟೂ ಇರಲಿಲ್ಲ, ಆಸೆಯೂ ಇರಲಿಲ್ಲ. ಅವಳಿಗೆ ಬೇಕಾಗಿದ್ದು ಕೋಲಾರ.

"ಇನ್ನೊಂದೇ ಒಂದು ಸಲ ಕಟ್ಟಲಿ ಅಕ್ಕಾ," ಅಂದ ಆವಲಪ್ಪ. "ಪಾಸಾದ್ರೆ ಓದ್ತಾಳೆ. ಫೇಲಾದ್ರೆ ಆ ವೈಶಾಖದಲ್ಲೇ ಮದುವೆ. ಇದು ನನ್ನ ಮಾತು."

ಅಳತೆಯವನ ಮಾತು. ದೊಡ್ಡಗಂಗಮ್ಮ ತಲೆಯಾಡಿಸಿ ಬಸ್ಸು ಹತ್ತಿದಳು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಆದಿಲಕ್ಷ್ಮಿಗೆ ಅವತ್ತಿನಿಂದ ಎದೆಯ ಮೇಲೆ ಕಲ್ಲು ಇಟ್ಟಂತಾಯಿತು.

ಆ ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ಹೈಸ್ಕೂಲಿಗೆ ಚನ್ನರಾಯಪ್ಪ ಅನ್ನುವ ಹೊಸ ಇಂಗ್ಲಿಷ್ ಮೇಷ್ಟ್ರು ಬಂದಿದ್ದರು. ಕೋಲಾರ ಪೇಟೆಯಲ್ಲಿ ಹುಟ್ಟಿ ಬೆಳೆದವರು. ಸಂಜೆ ಪಾಠ ಹೇಳಿಕೊಡಲು ಒಪ್ಪಿದರು. ತೊಡಕು ಏನಪ್ಪಾ ಅಂದರೆ ಅವರಿಗೆ ಇಪ್ಪತ್ತೈದು ವಯಸ್ಸು, ಮದುವೆ ಆಗಿರಲಿಲ್ಲ, ಕ್ರಾಪು ಸೊಗಸಾಗಿ ಬಾಚುತ್ತಿದ್ದರು. ಆವಲಪ್ಪ ಆ ಕ್ರಾಪನ್ನು ನೋಡಿದ ಕೂಡಲೇ ತೀರ್ಮಾನಿಸಿಬಿಟ್ಟ, ಮಗಳ ಜೊತೆ ಪಾಠಕ್ಕೆ ತಾನೂ ಹೋಗಬೇಕು. ಹೆಂಡತಿ ವೆಂಕಟರತ್ನಮ್ಮ, "ನೀನು ಹೋದ್ರೆ ಪಾಠ ನಡೆದಂಗೇ," ಅಂದಳು. ಇಪ್ಪತ್ತು ವರ್ಷ ಅವನ ಜೊತೆ ಬಾಳಿದವಳು, ಅವಳಿಗೆ ಗೊತ್ತಿತ್ತು.

ಮೇಷ್ಟ್ರು ಬಾಡಿಗೆಗಿದ್ದ ಮನೆಯ ಪಡಸಾಲೆಯಲ್ಲಿ ಚಾಪೆಯ ಈ ತುದಿಗೆ ಆದಿಲಕ್ಷ್ಮಿ, ಆ ತುದಿಗೆ ಮೇಷ್ಟ್ರು. ಕಂಬಕ್ಕೆ ಒರಗಿಕೊಂಡು, ಕತ್ತಾಳೆ ನಾರು ಹರಡಿಕೊಂಡು ಹಗ್ಗ ಹೊಸೆಯುತ್ತಾ ಆವಲಪ್ಪ. ಮೊದಲ ವಾರ ಅವನು ಮೇಷ್ಟ್ರ ಕಣ್ಣನ್ನು ಮಾತ್ರ ಕಾಯುತ್ತಿದ್ದ. ಅವು ಪುಸ್ತಕ ಬಿಟ್ಟು ಎಲ್ಲೂ ಹೋಗದೆ ಇದ್ದುದರಿಂದ ಅವನಿಗೆ ಬೇಜಾರು ಹತ್ತಿತು. ಬೇಜಾರಿಗೆ ಪಾಠ ಕೇಳತೊಡಗಿದ.

ಆದಿಲಕ್ಷ್ಮಿಯ ಕಷ್ಟ ಎಲ್ಲಿದೆ ಅಂತ ಮೇಷ್ಟ್ರು ಎರಡೇ ದಿನದಲ್ಲಿ ಹಿಡಿದಿದ್ದರು. ಅವಳಿಗೆ ಪದ ಬರುತ್ತಿತ್ತು, ಸ್ಪೆಲ್ಲಿಂಗ್ ಬರುತ್ತಿತ್ತು. ಪದದ ಮುಂದೆ ಬರುವ ‘ಎ’, ‘ಆನ್’, ‘ದಿ’ ಅನ್ನುವ ಸಣ್ಣ ಸಣ್ಣವು ಮಾತ್ರ ಅವಳ ಕಣ್ಣಿಗೇ ಬೀಳುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಅತ್ತೆಯ ಜೊತೆ ತೆಲುಗು, ಎರಡರಲ್ಲೂ ಅಂಥವು ಇಲ್ಲ. ಇಲ್ಲದ್ದನ್ನು ಹುಡುಕು ಅಂದರೆ ಯಾರು ತಾನೆ ಹುಡುಕಿಯಾರು? ಅವಳು ಬರೆದ ಒಂದು ಇಡೀ ಪುಟದಲ್ಲಿ ಒಂದೇ ಒಂದು ಆರ್ಟಿಕಲ್ ಇರಲಿಲ್ಲ.

"ಪರಿಚಯ ಇಲ್ಲದ್ದು ಮೊದಲನೇ ಸಲ ಬಂದಾಗ ‘ಎ’. ‘ಎ’ ಅಂದ್ರೆ ಒಂದು. ಅದೇ ಮತ್ತೆ ಬಂದಾಗ ‘ದಿ’," ಅಂದರು ಮೇಷ್ಟ್ರು. "ಆದ್ರೆ ರಾಗಿ, ನೀರು, ಇಂಥದಕ್ಕೆ ‘ಎ’ ಹಾಕಬಾರದು. ಎಣಿಸೋಕೆ ಆಗಲ್ಲ ಅದನ್ನ."

ಆವಲಪ್ಪನ ಕೈಯಲ್ಲಿ ಹಗ್ಗ ನಿಂತಿತು. "ಏನಂದ್ರಿ ಸ್ವಾಮಿ? ರಾಗಿ ಎಣಿಸೋಕೆ ಆಗಲ್ವಾ? ಮೀಸೆ ಬಂದಾಗಿಂದ ನಾನು ಇನ್ನೇನು ಮಾಡ್ತಾ ಇದೀನಿ?"

"ನೀವು ಎಣಿಸೋದು ಕೊಳಗ, ರಾಗಿ ಅಲ್ಲ. ರಾಗೀನ ಅಳೀತೀರಿ."

ಆವಲಪ್ಪನಿಗೆ ಹೌದಲ್ಲ ಅನ್ನಿಸಿತು. ಅವತ್ತು ಮನೆಗೆ ಹೋಗುವವರೆಗೂ ಅದನ್ನೇ ಯೋಚಿಸಿದ. ಇಂಗ್ಲಿಷಿನವರು ಪರವಾಗಿಲ್ಲ, ಕಣ ಕಂಡವರೇ ಅಂತ ಹೆಂಡತಿಯ ಹತ್ತಿರ ಒಪ್ಪಿಕೊಂಡ. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಸೂರ್ಯ ಒಬ್ಬನೇ ಅಂತ ‘ದಿ’ ಹಾಕ್ತೀರಿ, ಕೋಲಾರವೂ ಒಂದೇ ಅಲ್ವಾ, ಅದಕ್ಕೆ ಯಾಕೆ ಇಲ್ಲ? ಪಾಲಾರು ನದಿಗೆ ಉಂಟು, ನಮ್ಮೂರ ಕೆರೆಗೆ ಇಲ್ವಾ, ಯಾಕೆ, ನಮ್ಮ ಕೆರೆ ಏನು ಪಾಪ ಮಾಡಿದೆ? ಪಾಪ, ಮೇಷ್ಟ್ರು ಬಿ.ಎ., ಬಿ.ಎಡ್. ಮಾಡಿದ್ದರೂ ಇವಕ್ಕೆಲ್ಲ ಉತ್ತರ ಇಟ್ಟುಕೊಂಡಿರಲಿಲ್ಲ. "ಅದು ಹಾಗೇ, ರೂಢಿ," ಅನ್ನುತ್ತಿದ್ದರು. "ರೂಢಿ ಅಂದ್ಮೇಲೆ ಸರಿ," ಅಂತ ಆವಲಪ್ಪ ದೊಡ್ಡ ಮನಸ್ಸು ಮಾಡಿ ಬಿಡುತ್ತಿದ್ದ. ಒಂದು ಗಂಟೆಯ ಪಾಠದಲ್ಲಿ ಅರ್ಧ ಗಂಟೆ ಹೀಗೇ ಹೋಗುತ್ತಿತ್ತು. ಆದಿಲಕ್ಷ್ಮಿ ಪೆನ್ಸಿಲ್ಲಿನ ತುದಿ ಕಚ್ಚುತ್ತಾ ಕೂತಿರುತ್ತಿದ್ದಳು.

ಆದರೂ ಅವಳು ಮುಂದೆ ಹೋದಳು. ಮೊದಲು ಒಂದೂ ಇರಲಿಲ್ಲವಲ್ಲ, ಈಗ ಎಲ್ಲೆಲ್ಲೂ ‘ದಿ’ ಬಂತು. ‘ದಿ’ ಗಾಂಧೀಜಿ, ‘ದಿ’ ಯಲ್ದೂರು, ‘ದಿ’ ಹಸಿವು. ಒಮ್ಮೆ ಸಿಕ್ಕಿದ ಮೇಲೆ ಬಿಡುವುದು ಹೇಗೆ? ಮೇಷ್ಟ್ರಿಗೆ ಇದರಿಂದ ಖುಷಿಯೇ ಆಯಿತು. ಏನೂ ಹಾಕದವರು ಮೊದಲು ಎಲ್ಲದಕ್ಕೂ ಹಾಕುತ್ತಾರೆ, ಆಮೇಲೆ ನಿಧಾನವಾಗಿ ತೆಗೆಯುತ್ತಾರೆ, ಇದು ಎಲ್ಲರಿಗೂ ಬಂದು ಹೋಗುವ ಜ್ವರ ಅಂತ ಅವರು ಸಮಾಧಾನ ಹೇಳಿದರು. ಆದರೆ ಡಿಸೆಂಬರಿನ ಹೊತ್ತಿಗೆ ಬಂದ ಜ್ವರ ಮಾತ್ರ ಅವರು ಎಲ್ಲೂ ಕಂಡದ್ದಲ್ಲ. ಹುಡುಗಿ ತಪ್ಪದ ಹಾಗೆ, ಒಂದು ಕಡೆಯೂ ಮರೆಯದೆ, ಎಲ್ಲವನ್ನೂ ತಿರುಗುಮುರುಗಾಗಿ ಬರೆಯುತ್ತಿದ್ದಳು. ಕತೆಯಲ್ಲಿ ಮುದುಕಿ ಮೊದಲನೇ ಸಲ ಬಂದಾಗ ‘ದಿ’ ಮುದುಕಿ, ಎರಡನೇ ಸಲ ‘ಎ’ ಮುದುಕಿ. ಕೆಂಪು ಇಂಕಿನಲ್ಲಿ ತಿದ್ದಿ ಕೊಟ್ಟರೆ ಮಾರನೇ ದಿನ ಮತ್ತೆ ಹಾಗೇ. ಪರೀಕ್ಷೆಗೆ ಇನ್ನು ನಾಲ್ಕೇ ತಿಂಗಳಿತ್ತು. ಮೇಷ್ಟ್ರು ಕ್ರಾಪು ಕೆದರಿಕೊಂಡರು.

ಸಂಕ್ರಾಂತಿ ಕಳೆದ ಮೇಲೆ ಆವಲಪ್ಪನ ಕಣದಲ್ಲೇ ರಾಶಿ ಬಿತ್ತು. ಮೇಷ್ಟ್ರಿಗೂ ಊಟದ ಕರೆ ಹೋಯಿತು. ಪೂಜೆ ಮುಗಿಸಿ ಆವಲಪ್ಪ ಟವೆಲ್ಲು ಸುತ್ತಿ ಕೂತ. ಆದಿಲಕ್ಷ್ಮಿ ಗೋಣಿಚೀಲದ ಬಾಯಿ ಹಿಡಿದು ನಿಂತಳು, ಹತ್ತು ವರ್ಷದಿಂದ ಅದು ಅವಳದೇ ಕೆಲಸ. ಅಳತೆ ಶುರುವಾದರೆ ಮುಗಿಯುವ ತನಕ ಅಳೆಯುವವನ ಹೊರತು ಯಾರೂ ಮಾತಾಡಬಾರದು, ಹಾಗಾಗಿ ಎಲ್ಲ ಸುಮ್ಮನಾದರು. ಮೊದಲ ಕೊಳಗ ಸುರಿಯಿತು.

"ಲಾಭಾ..." ಅಂತ ಕೂಗಿದ ಆವಲಪ್ಪ. ಎರಡನೆಯದು ಸುರಿದ. "ಎರಡೂ..." ಆಮೇಲೆ, "ಮೂರೂ..."

ಪೇಟೆಯಲ್ಲಿ ಅಂಗಡಿಯ ರಾಗಿಹಿಟ್ಟು ತಿಂದು ಬೆಳೆದ ಮೇಷ್ಟ್ರು ಅಳತೆ ಮುಗಿಯುವ ತನಕ ತಡೆದುಕೊಂಡು, ಆಮೇಲೆ ಕೇಳಿದರು. "ಒಂದು ಅನ್ನಲೇ ಇಲ್ಲವಲ್ಲ ನೀವು?"

"ಮೊದಲ್ನೇದಕ್ಕೆ ಯಾರಾದ್ರೂ ಒಂದು ಅಂತಾರಾ ಸ್ವಾಮಿ? ಒಂದು ಅಂದ್ರೆ ಒಂದಕ್ಕೇ ನಿಂತೋಗುತ್ತೆ. ರಾಶಿ ಹುಲುಸಾಗಲ್ಲ. ಮೊದಲು ಬರೋದು ಲಕ್ಷ್ಮಿ, ಅದಕ್ಕೆ ಲಾಭ ಅನ್ನಬೇಕು." ಮುಖದ ದೂಳು ಒರೆಸಿಕೊಳ್ಳುತ್ತಾ ಆವಲಪ್ಪ ಬಲು ಹೆಮ್ಮೆಯಿಂದ ಸೇರಿಸಿದ. "ನಿಮ್ಮ ಪಾಠದಲ್ಲೂ ಅದೊಂದು ಸರಿ ಇರಲಿಲ್ಲ. ಮೊದಲು ಬಂದ ಮುದುಕೀಗೆ ‘ಒಂದು’ ಅಂತ ಹೇಳಿ ಅವಮಾನ ಮಾಡಿದ್ರೆ ಕತೆ ಹೆಂಗೆ ಬೆಳೆಯುತ್ತೆ? ಅದಕ್ಕೆ ಮನೇಲಿ ನಾನೇ ಹೇಳಿಕೊಟ್ಟೆ. ಮೊದಲ್ನೇದಕ್ಕೆ ‘ದಿ’ ಇಡು, ಮರ್ಯಾದೆ. ಆಮೇಲೆ ಬಂದವಕ್ಕೆ ಬೇಕಾದ್ರೆ ‘ಎ’ ಹಾಕ್ಕೋ ಅಂತ."

ಕಣದಲ್ಲಿದ್ದವರೆಲ್ಲ ಆವಲಪ್ಪನ ಜಾಣತನಕ್ಕೆ ತಲೆದೂಗಿದರು. ಮೇಷ್ಟ್ರು ಆದಿಲಕ್ಷ್ಮಿಯ ಕಡೆ ನೋಡಿದರು. ಪಾಠ ಹೇಳಲು ಶುರು ಮಾಡಿದಾಗಿನಿಂದ ಅವಳ ಮುಖ ನೋಡಿದ್ದು ಅದೇ ಮೊದಲು ಇರಬೇಕು. ಅವಳು ಗೋಣಿಚೀಲ ಹೊಲಿಯುತ್ತಾ ತಲೆ ಬಗ್ಗಿಸಿದಳು. ಅಪ್ಪ ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ತೆಗೆದುಹಾಕಿದವಳಲ್ಲ.

ಊಟವಾದ ಮೇಲೆ ಮೇಷ್ಟ್ರು ಆವಲಪ್ಪನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದರು. ಅವರಿಗೆ ನಿಜವಾಗಿಯೂ ಕೋಪ ಬಂದಿತ್ತು.

"ಈ ಸಲ ಫೇಲಾದ್ರೆ ಅವಳಿಗೆ ಮದುವೆ ಅಂತೆ, ಹೌದಾ?"

"ಹೌದು. ಅಕ್ಕನಿಗೆ ಮಾತು ಕೊಟ್ಟಿದೀನಿ."

"ಮತ್ತೆ ನೀವು ಬೇಕಂತಲೇ ತಪ್ಪು ಹೇಳಿಕೊಟ್ರಾ?"

ಆವಲಪ್ಪನಿಗೆ ಕೊಳಗದಿಂದ ತಲೆಗೆ ಹೊಡೆದ ಹಾಗಾಯಿತು. ಏನ್ರೀ ಮಾತು ಅಂತ ಕೂಗಬೇಕು ಅಂದುಕೊಂಡ. ಕೆರೆ ಆಚೆಗೂ ಕೇಳುವ ಆ ಗಂಟಲು ಯಾಕೋ ಏಳಲಿಲ್ಲ. ಬೇಕಂತಲೇ ಅಲ್ಲ, ದೇವರಾಣೆಗೂ ಅಲ್ಲ. ಆದರೆ ಮಗಳು ಅಕ್ಕನ ಮನೆ ಸೇರಿದರೆ ತಿಂಗಳಿಗೊಮ್ಮೆಯಾದರೂ ನೋಡಬಹುದು, ಕೋಲಾರದ ಹಾಸ್ಟೆಲ್ಲಿಗೆ ಹೋದರೆ ಹೋದಳು, ಆಮೇಲೆ ಎಲ್ಲೆಲ್ಲಿಗೋ ವರ್ಗ, ಅಂತ ಅವನು ಎಷ್ಟೋ ಸಲ ಯೋಚಿಸಿದ್ದು ನಿಜ. ಫೇಲಾದರೂ ಪರವಾಗಿಲ್ಲ ಅನ್ನಿಸಿದ್ದೂ ನಿಜ. ಅನ್ನಿಸಿದ್ದು ಎಲ್ಲಿ ಮುಗಿದು ಹೇಳಿಕೊಟ್ಟದ್ದು ಎಲ್ಲಿ ಶುರುವಾಯಿತು ಅಂತ ಅವನಿಗೆ ಅಳೆಯಲಾಗಲಿಲ್ಲ. ಅವನು ಎತ್ತು ಬಿಚ್ಚಲು ಹೋದ.

ಮಾರನೇ ಸಂಜೆ ಆವಲಪ್ಪ ಮಗಳನ್ನು ಮೇಷ್ಟ್ರ ಮನೆಯವರೆಗೆ ಬಿಟ್ಟು, ಒಳಗೆ ಹೋಗದೆ, ಬೀದಿಯಾಚೆ ಹುಣಸೆ ಮರದ ಕಟ್ಟೆಯ ಮೇಲೆ ಕೂತ.

"ಯಾಕಪ್ಪಾ, ಒಳಗೆ ಬರಲ್ವಾ?" ಅಂದಳು ಆದಿಲಕ್ಷ್ಮಿ.

"ನಾನು ಬಂದ್ರೆ ಬಾಯಿ ಸುಮ್ನಿರಲ್ಲ ಕಣೇ. ನೀನು ಹೋಗು. ಮೇಷ್ಟ್ರು ಹೇಳಿದ್ದೇ ಸರಿ, ನಾನು ಹೇಳಿದ್ದು ಕಣದ ಮಾತು."

ಹೀಗೆ ಹೇಳುವುದು ಆವಲಪ್ಪನಿಗೆ ಸುಲಭವಾಗಿರಲಿಲ್ಲ ಅಂತ ತಿಳಿಯಲು ಅವನನ್ನು ಬಲ್ಲವರೇ ಆಗಬೇಕು. ಒಳಗೆ ಮೇಷ್ಟ್ರು ‘ಒಂದು’ ಅನ್ನುವ ಮಾತನ್ನೇ ಕೈಬಿಟ್ಟು, ‘ಎ’ ಅಂದರೆ ‘ಯಾವುದೋ’, ‘ಯಾರೋ’ ಅಂತ ಹೊಸದಾಗಿ ಶುರು ಮಾಡಿದರು. ಯಾರೋ ಮುದುಕಿ ಬಂದಳು, ಆಮೇಲೆ ಆ ಮುದುಕಿ ಹೀಗಂದಳು. ಹುಡುಗಿ ತಲೆಯಾಡಿಸಿದಳು. ಆದರೆ ಕೈಗೆ ಕೂತ ಅಭ್ಯಾಸ ತಲೆಯಾಡಿಸಿದ ಮಾತ್ರಕ್ಕೆ ಎದ್ದು ಹೋಗುತ್ತದೆಯೇ? ಒಂದು ದಿನ ಸರಿ ಬರೆದರೆ ಎರಡು ದಿನ ತಿರುಗುಮುರುಗು.

ಆವಲಪ್ಪನನ್ನು ಕಟ್ಟೆಯ ಮೇಲೆ ಕಂಡ ಊರಿಗೆ ಹಬ್ಬವೋ ಹಬ್ಬ. ಅವನು ಒಳಗೆ ಕೂತಾಗ ನಕ್ಕವರೇ ಈಗ ಹೊರಗೆ ಕೂತದ್ದಕ್ಕೆ ಹುಬ್ಬೇರಿಸಿದರು. ಮಾತು ಬಸ್ಸಿಗಿಂತ ಬೇಗ ಮುಳಬಾಗಿಲು ಮುಟ್ಟಿತು. ಶಿವರಾತ್ರಿ ಕಳೆದ ವಾರದಲ್ಲಿ ದೊಡ್ಡಗಂಗಮ್ಮ ಸೆರಗು ಸಿಕ್ಕಿಸಿಕೊಂಡೇ ಬಂದಳು.

"ಏಮಿರಾ ಆವಲ್ಯಾ, ವಯಸ್ಸಿಗೆ ಬಂದ ಹುಡುಗೀನ ಆ ಕ್ರಾಪಿನೋನ ಮನೇಲಿ ಒಂಟಿಯಾಗಿ ಬಿಟ್ಟಿದೀಯಂತೆ! ಸಿಗ್ಗು ಲೇದಾ ನೀಕು, ನಾಚಿಕೆ ಆಗಲ್ವಾ? ಪರೀಕ್ಷೇನೂ ಬೇಡ, ಏನೂ ಬೇಡ. ಬರೋ ಮುಹೂರ್ತಕ್ಕೆ ಮದುವೆ ಮಾಡು."

"ಫಲಿತಾಂಶ ಬರೋ ತಂಕ ಅಂತ ಮಾತಾಗಿದೆ ಅಕ್ಕಾ. ಅರ್ಧ ಅಳೆದಿದ್ದೀನಿ. ನಡುವೆ ಮಾತಾಡಬೇಡ." ಆವಲಪ್ಪ ಇಷ್ಟನ್ನೇ ಹೇಳಿದ. ಅಕ್ಕ ಅತ್ತಳು, ಬೈದಳು, ಊಟ ಮಾಡದೆ ಹೋಗ್ತೀನಿ ಅಂದಳು. ವೆಂಕಟರತ್ನಮ್ಮ ಮುದ್ದೆ ಬಡಿಸಿದಾಗ ಕೂತು ತಿಂದಳು, ಆಮೇಲೆ ಹೋದಳು.

ಏಪ್ರಿಲ್‌ನಲ್ಲಿ ಶ್ರೀನಿವಾಸಪುರದಲ್ಲಿ ಪರೀಕ್ಷೆ. ಆವಲಪ್ಪ ಶಾಲೆಯ ಕಾಂಪೌಂಡಿನ ಹೊರಗೆ ಮಾವಿನ ಮರದ ಕೆಳಗೆ ಕಾದ. ಹೊರಗೆ ಬಂದ ಆದಿಲಕ್ಷ್ಮಿಯ ಮುಖ ಬೆವರಿ ಬಾಡಿತ್ತು. ಬಸ್ಸಿನಲ್ಲಿ ಅವಳು ಕಿಟಕಿಯ ಆಚೆ ನೋಡುತ್ತಾ, ತುಟಿಯಲ್ಲೇ ಏನನ್ನೋ ನೆನೆದು, ಬೆರಳಿನಿಂದ ತೊಡೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದಳು. ಯಾವ ಪದದ ಮುಂದೆ ಏನು ಹಾಕಿದೆನೋ ಅಂತ ಅವಳ ಚಿಂತೆ. ಆವಲಪ್ಪ ಊರು ಬರುವ ತನಕ ಆ ಬೆರಳನ್ನೇ ನೋಡಿದ.  ಇಷ್ಟು ಕಷ್ಟಪಡುವ ಮಗುವಿನ ಮೇಲೆ ತಾನು ಪಣ ಕಟ್ಟಿದೆನಲ್ಲ ಅಂತ ನಾಚಿಕೆಯಾಯಿತು.

ಎರಡು ದಿನ ಬಿಟ್ಟು, ಎತ್ತು ನೋಡಿಕೊಂಡು ಬರ್ತೀನಿ ಅಂತ ಮನೆಯಲ್ಲಿ ಹೇಳಿ ಅವನು ಮುಳಬಾಗಿಲ ಬಸ್ಸು ಹತ್ತಿದ. ಅಕ್ಕನ ಮನೆಯ ಜಗಲಿಯ ಮೇಲೆ ಕೂತು, ನೀರು ಕೂಡ ಕುಡಿಯದೆ ಹೇಳಿಬಿಟ್ಟ.

"ಅಕ್ಕಾ, ಕದಿರೇಶನಿಗೆ ಬೇರೆ ಹುಡುಗಿ ನೋಡು."

"ಯಾಕೆ, ಪಾಸಾದಳಾ?"

"ಇನ್ನೂ ಗೊತ್ತಿಲ್ಲ."

"ಮತ್ತೆ ಮಾತು?"

"ಮಾತು ತಪ್ಪಿದೀನಿ. ಬೈಯೋದಾದ್ರೆ ಬೈಯಿ."

ದೊಡ್ಡಗಂಗಮ್ಮ ಬೈಯಲಿಲ್ಲ. ಎದ್ದು ಬಂದು, ಚಿಕ್ಕವನಿದ್ದಾಗ ಹೊಡೆಯುತ್ತಿದ್ದ ಹಾಗೆ ಬೆನ್ನ ಮೇಲೆ ಎರಡು ಗುದ್ದಿದಳು. ಐವತ್ತರ ಹತ್ತಿರದ ಆವಲಪ್ಪ, ಊರೂರಿನ ರಾಶಿ ಅಳೆದವನು, ತಲೆ ತಗ್ಗಿಸಿ ತಿಂದ. ಆಮೇಲೆ ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು. ಕದಿರೇಶ ಸೈಕಲ್ಲಿನಲ್ಲಿ ಅವನನ್ನು ಬಸ್ಸಿನವರೆಗೆ ಬಿಟ್ಟು, "ಪೋನಿ ಮಾಮಾ, ಹೋಗ್ಲಿ, ಅವಳು ಓದಲಿ ಬಿಡು. ಅಮ್ಮನ್ನ ನಾನು ನೋಡ್ಕೋತೀನಿ," ಅಂದ. ಅವನ ಮುಖ ನೋಡಲು ಆವಲಪ್ಪನಿಗೆ ಧೈರ್ಯ ಬರಲಿಲ್ಲ. ಎತ್ತಿನ ಬೆಲೆ ಜಾಸ್ತಿಯಾಯಿತು ಅಂತ ಮನೆಯಲ್ಲಿ ಹೇಳಿದ. ಬೇರೇನನ್ನೂ ಹೇಳಲಿಲ್ಲ.

ಫಲಿತಾಂಶ ಬಂದ ದಿನ ಆದಿಲಕ್ಷ್ಮಿ ಸ್ಕೂಲಿನಿಂದ ನಡೆದು ಬಂದ ರೀತಿಯಲ್ಲೇ ಎಲ್ಲ ತಿಳಿಯಿತು. ಮೂರು ಮಾರ್ಕ್ಸು ಕಮ್ಮಿ. ಅವಳು ಅಳಲಿಲ್ಲ. ಅತ್ತು ಮುಗಿಸಿಯೇ ಬಂದಿದ್ದಳು. ಅಮ್ಮ ಕೊಟ್ಟ ನೀರು ಕುಡಿದು, ಪುಸ್ತಕಗಳನ್ನೆಲ್ಲ ಜೋಡಿಸಿ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಅಟ್ಟದ ಮೇಲಕ್ಕೆ ಎಸೆಯಲು ಹೋದಳು.

"ಅತ್ತೆಗೆ ಹೇಳಿ ಕಳಿಸಪ್ಪಾ," ಅಂದಳು. "ವೈಶಾಖ ಮುಗಿಯೋಕೆ ಇನ್ನೂ ದಿನ ಇದೆ."

"ಅದನ್ನ ಕೆಳಗಿಡು," ಅಂದ ಆವಲಪ್ಪ. "ಕದಿರೇಶನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗ್ತಾ ಇದೆ. ಅಕ್ಟೋಬರಿಗೆ ಮತ್ತೆ ಕಟ್ಟು."

ಆದಿಲಕ್ಷ್ಮಿ ಗಂಟು ಹಿಡಿದುಕೊಂಡೇ ನಿಂತಳು. ವೆಂಕಟರತ್ನಮ್ಮ ಅಡಿಗೆಮನೆಯಿಂದ ಹೊರಗೆ ಬಂದಳು. ಯಾವಾಗ, ಹೇಗೆ, ಯಾರು ಹೇಳಿದ್ದು ಅಂತ ಇಬ್ಬರೂ ಸೇರಿ ಹಿಂಡಿದ ಮೇಲೆ ಎತ್ತಿನ ಕತೆ ಹೊರಗೆ ಬಿತ್ತು.

"ಪರೀಕ್ಷೆ ಮುಗಿದ ಎರಡೇ ದಿನಕ್ಕಾ?" ಆದಿಲಕ್ಷ್ಮಿಯ ದನಿ ಏರಿತು. ಆ ಗಂಟಲು ಎಲ್ಲಿಂದ ಬಂದದ್ದು ಅಂತ ಅವತ್ತು ಬೀದಿಗೆಲ್ಲ ಗೊತ್ತಾಯಿತು. "ಇಷ್ಟು ದಿನ ನನಗೆ ಅನ್ನ ಸೇರಿಲ್ಲ, ಕಣ್ಣು ಮುಚ್ಚಿದ್ರೆ ಅದೇ ಕನಸು. ನಿಂಗೆ ಎಲ್ಲಾ ಗೊತ್ತಿತ್ತು! ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಎಲ್ಲದಕ್ಕೂ ತೀರ್ಪು ಇದ್ದ ಆವಲಪ್ಪ ಮಗಳ ಮುಂದೆ ಟವೆಲ್ಲು ಹಿಂಡುತ್ತಾ ನಿಂತ. "ಹೇಳಿದ್ರೆ," ಅಂದ, "ಹೇಳಿದ್ರೆ ನೀನು ಫೇಲಾಗ್ತೀಯ ಅಂತ ನಾನು ಮೊದಲೇ ಅಂದ್ಕೊಂಡಿದ್ದೆ ಅಂತ ನಿಂಗೆ ಅನ್ನಿಸೋದು ಕಣೇ. ನಾನು ಹಂಗೆ ಅಂದ್ಕೊಂಡಿರಲಿಲ್ಲ. ಅದಕ್ಕೆ ಬಾಯಿ ಬರಲಿಲ್ಲ."

 ಆದಿಲಕ್ಷ್ಮಿ ದಾವಣಿಯ ಸೆರಗಿನಿಂದ ಮುಖ ಒರೆಸಿಕೊಂಡು, ಗಂಟು ಬಿಚ್ಚಿ, ಅದರಲ್ಲಿದ್ದ ಇಂಗ್ಲಿಷ್ ಪುಸ್ತಕ ಒಂದನ್ನು ತೆಗೆದುಕೊಂಡು ಮೇಷ್ಟ್ರ ಮನೆಯ ಕಡೆಗೆ ಹೊರಟಳು. ಬಾ ಅಂತ ಅವಳು ಕರೆಯಲಿಲ್ಲ, ಬರ್ತೀನಿ ಅಂತ ಆವಲಪ್ಪನೂ ಹೊರಡಲಿಲ್ಲ.